ಏಳನೇ ಚಂದ್ರನ ಕಲ್ಲುಮನೆ

ಈ ಮನುಷ್ಯ ಇಲ್ಲಿಗೆ ಮೊದಲೇ ಬಂದಿದ್ದಾನೆ. ಬಂದು, ಒಳಗೆಲ್ಲ ಕೈಯಾಡಿಸಿ, ಏನೂ ಗೊತ್ತಿಲ್ಲದವನ ಹಾಗೆ ಕಾದಂಬರಿ ಬರೆದಿದ್ದಾನೆ. ಗುಡ್ಡದ ಬುಡದಲ್ಲಿ ಆಟೋದಿಂದ ಇಳಿಯುತ್ತಿದ್ದ ಗಂಗುಲಪ್ಪನವರನ್ನು ನೋಡುತ್ತಾ ಮೇಧಾ ಹಲ್ಲು ಕಚ್ಚಿದಳು.

ಹಾಗಂತ ಅವರ ಮೇಲೆ ಅವಳಿಗೆ ದ್ವೇಷವೇನಿರಲಿಲ್ಲ. ಇದ್ದದ್ದು ಭಕ್ತಿ. ಅವರ ‘ಏಳನೇ ಚಂದ್ರ’ವನ್ನು ಹೈಸ್ಕೂಲಿನಲ್ಲಿ ಓದಿ, ಲೆಕ್ಕದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಮತ್ತೆ ಓದಿ, ಅಮ್ಮನ ಕೈಲಿ ಬೈಸಿಕೊಂಡು ಮತ್ತೊಂದು ಸಲವೂ ಓದಿದವಳು. ಓದಿದರೆ ಪುರಾತತ್ವವೇ ಓದುತ್ತೀನಿ ಅಂತ ಹಟ ಹಿಡಿದದ್ದೂ ಆ ಪುಸ್ತಕದ ದೆಸೆಯಿಂದಲೇ. ಗುಮಾಸ್ತರಾಗಿ ರಿಟೈರಾದ ಅವಳಪ್ಪ ಅದಕ್ಕೆ ಇನ್ನೂ ಗೊಣಗುತ್ತಾರೆ.

ಆ ಕಾದಂಬರಿಯಲ್ಲಿ ಆಕಾಶನೌಕೆಯೊಂದು ಗ್ರಹ ಗ್ರಹ ಅಲೆದು, ಯಾರೂ ಇಲ್ಲದ ಒಂದು ಚಂದ್ರನ ಮೇಲೆ ಇಳಿಯುತ್ತದೆ. ಅಲ್ಲಿ ಮಣ್ಣಿನಡಿ ಒಂದು ಕಲ್ಲುಮನೆ. ಸುತ್ತ ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ, ಪೂರ್ವದ ಗೋಡೆಯಲ್ಲಿ ಮೊರದಗಲದ ಗುಂಡು ಕಿಂಡಿ. ಒಳಗೊಂದು ಮಗುವಿನ ಅಸ್ಥಿ, ಬಲಮಗ್ಗುಲಾಗಿ, ಮೊಣಕಾಲು ಮಡಿಸಿ ಮಲಗಿದ ಹಾಗೆ. ಮುಖದ ಹತ್ತಿರ ಐದು ಬಿಳಿ ಕಲ್ಲು. ಅವು ನಕ್ಷತ್ರಗಳ ನಕ್ಷೆಯೋ, ಯಾವುದೋ ಪೂಜೆಯದೋ ಎಂದು ನೌಕೆಯ ಕ್ಯಾಪ್ಟನ್ ಕೊನೆಯ ಪುಟದವರೆಗೂ ತಲೆ ಕೆಡಿಸಿಕೊಳ್ಳುತ್ತಾಳೆ.

ಮೊನ್ನೆ ಮಂಡಿಕಲ್ ಆಚೆಯ ಈ ಗುಡ್ಡದಲ್ಲಿ, ಊರಿನವರು ಪಾಂಡವರ ಮನೆ ಅನ್ನುವ ಹಳೇ ಕಲ್ಗೋರಿಯ ಚಪ್ಪಡಿ ಸರಿಸಿ ಮೇಧಾ ಒಳಗೆ ಬಗ್ಗಿದಳು. ಅದೇ ಮಗು ಮಲಗಿತ್ತು. ಅದೇ ಮಗ್ಗುಲು. ಅದೇ ಐದು ಕಲ್ಲು.

ಅವತ್ತಿನಿಂದ ಅವಳಿಗೆ ಊಟ ಸೇರುತ್ತಿಲ್ಲ. ಒಬ್ಬಳೇ ಕೂತರೆ ಬೆನ್ನ ಹಿಂದೆ ಯಾರೋ ಪುಟ ತಿರುಗಿಸಿದ ಹಾಗಾಗುತ್ತದೆ. ಭಯ, ನಿಜವಾಗಿಯೂ ಭಯ. ಸಾಲದ್ದಕ್ಕೆ ಇದು ಅವಳು ಮುಂದೆ ನಿಂತು ಮಾಡಿಸುತ್ತಿರುವ ಮೊದಲ ಉತ್ಖನನ. ಇಷ್ಟು ಗಟ್ಟಿಯಾಗಿ ಉಳಿದ ಎಲುಬನ್ನು ಅವಳು ಯಾವ ಕಲ್ಗೋರಿಯಲ್ಲೂ ಕಂಡಿರಲಿಲ್ಲ. ಲೇಖನ ಅಚ್ಚಾದರೆ ಅವಳ ಹೆಸರು ನಿಲ್ಲುತ್ತದೆ. ಗಂಗುಲಪ್ಪ ಒಳಹೊಕ್ಕು ಕೆದಕಿದ್ದರೆ ಎಲ್ಲಾ ನೀರುಪಾಲು. ಹೊಕ್ಕೇ ಇಲ್ಲ ಅಂದರೆ? ಅದನ್ನು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ. ಅದಕ್ಕೇ ಫೋನ್ ಮಾಡಿ ಅವರನ್ನು ಕರೆಸಿದ್ದಳು.

ಗಂಗುಲಪ್ಪ ಏದುಸಿರು ಬಿಡುತ್ತಾ ಹತ್ತಿ ಬಂದರು. ರಿಟೈರಾದ ವಿಜ್ಞಾನದ ಮೇಷ್ಟ್ರು, ಭಾರೀ ಆಳು. ಹಿಂದೆಯೇ ಹೆಂಡತಿ ಆಂಜಿನಮ್ಮ, ಊದಿದರೆ ಹಾರಿಹೋಗುವಷ್ಟು ಸಣಕಲು.

“ಸರ್, ಬೇಜಾರು ಮಾಡ್ಕೋಬೇಡಿ. ನೀವು ಇದರೊಳಗೆ ಹೋಗಿದ್ರಾ?”

ಗಂಗುಲಪ್ಪ ಕಿಂಡಿ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. “ನಾನು ಹುಟ್ಟಿದಾಗ್ಲೇ ದಪ್ಪ ಕಣಮ್ಮ. ಇದರಲ್ಲಿ ನನ್ನ ತಲೆ ಹಿಡಿಸಿದ್ರೆ ಹೆಚ್ಚು. ನಮ್ಮಪ್ಪನಾಣೆಗೂ ಒಳಗೆ ಕಾಲಿಟ್ಟಿಲ್ಲ.”

ಅದು ಸುಳ್ಳು ಹೇಳುವ ಮುಖವಲ್ಲ. ಸದ್ಯ, ಬದುಕಿದೆ ಅಂದುಕೊಂಡಳು ಮೇಧಾ. ಮರುಕ್ಷಣ ಅವಳ ಮೈ ಜುಮ್ಮೆಂದಿತು. ಹಾಗಾದರೆ ನೋಡದೆಯೇ ಬರೆದದ್ದು.

“ಮತ್ತೆ ಹೇಗೆ ಬರೆದ್ರಿ ಸರ್?”

“ಬರೀದೆ ಇರೋಕಾಗ್ಲಿಲ್ಲ. ಬರೆದೆ.”

“ಅದೂ ಅಷ್ಟು ದೂರದ ಚಂದ್ರನ ಮೇಲೆ!”

“ಭೂಮಿ ಮೇಲೆ ನಮ್ಮೋರಿಗೆ ಜಾಗ ಎಲ್ಲಿತ್ತಮ್ಮ ಆಗ? ಬಾವಿ ಹತ್ರ ಹೋದ್ರೆ ಅಟ್ಟೋರು. ಸುಡುಗಾಡಿಗೆ ಹೋದ್ರೂ ಅಟ್ಟೋರು. ಆಕಾಶದಲ್ಲಾದ್ರೆ ಏಳೋ ಮೇಲೆ ಅನ್ನೋರಿಲ್ಲ.” ಅವರು ನಕ್ಕರು, ಆದರೆ ಕಿಂಡಿಯ ಕಡೆ ಮತ್ತೆ ನೋಡಲಿಲ್ಲ.

ಎಂಥ ಮಾತು! ಲೇಖನಕ್ಕೆ ಇದೇ ಮೊದಲ ಸಾಲು ಅಂತ ಮೇಧಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಅಷ್ಟರಲ್ಲಿ ಆಂಜಿನಮ್ಮ ಕಲ್ಗೋರಿಯ ಅಂಚಿನಲ್ಲಿ ಕುಸಿದು ಕೂತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

“ಹೆದರ್ಕೋಬೇಡಿ ಅಮ್ಮ, ತುಂಬಾ ಹಳೇದು.”

“ಎಷ್ಟು ಹಳೇದಮ್ಮ?”

“ಮೂರು ಸಾವಿರ ವರ್ಷ.”

“ಅಷ್ಟಾಯ್ತಾ,” ಅಂದರು ಆಂಜಿನಮ್ಮ.

ಪಾಪ, ಮುದುಕಿಗೆ ಏನು ತಿಳಿದೀತು ಎಂದು ಮೇಧಾ ಪಕ್ಕದಲ್ಲಿ ಕೂತು ವಿವರಿಸಿದಳು. “ನೋಡಿ, ಈ ಕಲ್ಲುಗಳನ್ನ ಏನೋ ಪೂಜೆಗೆ ಇಟ್ಟಿರ್ಬೇಕು.”

“ಆಡ್ಕೊಳ್ಳೋಕೆ ಇರ್ಬೋದು.”

ಮೇಧಾಗೆ ನಗು ಬಂತು. ಆಂಜಿನಮ್ಮ ನಗಲಿಲ್ಲ.

“ಇಲ್ಲಿಂದ ಎಲ್ಲಿಗೆ?”

“ಬೆಂಗಳೂರಿನ ಲ್ಯಾಬಿಗೆ.”

“ರಾತ್ರಿ ಅಲ್ಲಿ ಯಾರಾದ್ರೂ ಇರ್ತಾರಾ?”

“ವಾಚ್‌ಮನ್ ಇರ್ತಾರೆ ಅಮ್ಮ. ಯಾರೂ ಕದಿಯಲ್ಲ.”

ಗಂಗುಲಪ್ಪ ಬೆನ್ನು ತಿರುಗಿಸಿಯೇ ಕೇಳಿದರು. “ಎತ್ತೋದು ಯಾರು?”

“ನಾನೇ ಎತ್ತುತ್ತೀನಿ ಸರ್.”

“ಎರಡೂ ಕೈಯಲ್ಲಿ ಎತ್ತಮ್ಮ.”

ಆಗಲಿ ಸರ್ ಅಂದಳು ಮೇಧಾ. ಅಷ್ಟು ದಿನ ಹಿಂಬಾಲಿಸಿದ್ದ ಭಯ ಈಗ ಇನ್ನೂ ಹತ್ತಿರ ಬಂದು ಕೂತಂತಾಯಿತು.

ಅವಳ ಸಹಾಯಕ ಕೆಂಪರಾಜು ಹತ್ತಿ ಹಾಸಿದ ಪೆಟ್ಟಿಗೆ ತಂದಿಟ್ಟ. ಮಾರ್ಕರಿನ ಮುಚ್ಚಳ ತೆಗೆದು ಕೇಳಿದ. “ಮೇಡಂ, ಲೇಬಲ್ ಮೇಲೆ ಏನು ಬರೀಲಿ? ಮಗುವಿನ ಅಸ್ಥಿ, ನಂಬರ್ ಒಂದು ಅಂತಲಾ?”

ಮೇಧಾ ತಲೆಯಾಡಿಸಿದಳು. ಆಂಜಿನಮ್ಮ ಎದ್ದು ಬಂದು ಕೆಂಪರಾಜುವಿನ ಕೈ ಹಿಡಿದರು.

“ನಂಬರ್ ಬೇಡಪ್ಪ, ಕಲ್ಯಾಣಿ ಅಂತ ಬರಿ, ತಂದೆ ಗಂಗುಲಪ್ಪ, ಮಲಗ್ಸಿದ್ದು ನಾನು.”