ಕೆಂಪು ಮುಚ್ಚಳದ ಡಬ್ಬಿ

ಡಬ್ಬಿಯನ್ನು ಯಾವ ಜೇಬಿನಲ್ಲಿಡಬೇಕು ಎಂಬುದು ಆ ಬೆಳಿಗ್ಗೆ ಒಂದು ವಂಶದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಪ್ಯಾಂಟಿನ ಜೇಬಾದರೆ ಕುಲುಕುತ್ತದೆ. ಅಂಗಿಯ ಜೇಬಾದರೆ ಕೆಂಪು ಮುಚ್ಚಳ ಇಣುಕುತ್ತದೆ. ಕೊನೆಗೆ ತಮ್ಮ ಅದನ್ನು ಬನಿಯನ್ನಿನೊಳಗೆ, ಕಂಕುಳಿಗೆ ಸಿಕ್ಕಿಸಿಕೊಂಡ. ಶಾಖ ಆರುವ ಮೊದಲು ಲ್ಯಾಬಿಗೆ ತಲುಪಿಸಬೇಕೆಂದು ನರ್ಸ್ ಹೇಳಿದ್ದಳು. ದಿನವೂ ಬ್ರೆಡ್ಡಿನ ಹಿಟ್ಟನ್ನು ಉಬ್ಬಲು ಇಡುವವನಿಗೆ ಶಾಖದ ಪಾಠ ಬೇಕಿರಲಿಲ್ಲ.

ಮನೆಯಲ್ಲಿ ಬಚ್ಚಲ ಕದ ಹಾಕಿಕೊಂಡರೆ ಅಮ್ಮ ಬಡಿಯುತ್ತಾಳೆ. ಹಾಗಾಗಿ ಕೆಲಸ ಬೇಕರಿಯ ಹಿಟ್ಟಿನ ಕೋಣೆಯಲ್ಲಿ ನಡೆದಿತ್ತು.

"ಓಡೋ, ತಣ್ಣಗಾದೀತು," ಅಣ್ಣ ಕೈ ಒರೆಸಿಕೊಳ್ಳುತ್ತ ನಕ್ಕ. "ಮುಖ ಸರಿ ಮಾಡ್ಕೊ. ಒಳ್ಳೆ ಬನ್ನು ಕದ್ದವನ ಥರ ಕಾಣ್ತಿದ್ದೀಯ."

ಹಾಗೆ ನಗುವ ಹಕ್ಕು ಅವನಿಗಿತ್ತು. ಮೂರು ಮಕ್ಕಳ ತಂದೆ. ಒಲೆಯ ಮುಂದೆಯೂ ಅವನದು ಒಳ್ಳೆಯ ಕೈಗುಣ. ತಮ್ಮನ ಬ್ರೆಡ್ಡು ಒಂದು ದಿನ ಉಬ್ಬಿದರೆ ಇನ್ನೊಂದು ದಿನ ಮುನಿಸಿಕೊಳ್ಳುತ್ತಿತ್ತು. ಆಹಾರ ಇಲಾಖೆಯವರು ಸ್ಯಾಂಪಲ್ಲಿಗೆ ಬಂದರೆ, ಪಾಳಿ ಯಾರದೇ ಇರಲಿ, ಅಣ್ಣನ ಟ್ರೇಯನ್ನೇ ಮುಂದೆ ತಳ್ಳುವುದು ಅಂಗಡಿಯ ಪದ್ಧತಿ. ಅಲ್ಲಿಂದ ಹೋದ ಯಾವ ಸ್ಯಾಂಪಲ್ಲೂ ಇದುವರೆಗೆ ಫೇಲಾಗಿರಲಿಲ್ಲ.

ಮದುವೆಯಾದಾಗಿನಿಂದ ಪರೀಕ್ಷೆಗಳೆಲ್ಲ ತಮ್ಮನ ಹೆಂಡತಿಯ ಪಾಲಿಗೇ ಬಂದಿದ್ದವು. ಸೂಜಿ, ಸ್ಕ್ಯಾನು, ಹೊಟ್ಟೆಗೆ ತೂತು ಕೊರೆದು ಒಳಗೊಂದು ಕ್ಯಾಮೆರಾ. ಎಲ್ಲ ಸರಿಯಿದೆ ಎಂದು ಬಂದಷ್ಟೂ ಅಮ್ಮನ ಬಾಯಿ ದೊಡ್ಡದಾಯಿತು. "ಒಲೆ ಕೆಟ್ಟರೆ ಬೇಕರಿಯವನು ಏನ್ಮಾಡ್ತಾನೆ? ಒಲೆ ಬದಲಾಯಿಸ್ತಾನೆ ಕಣೋ."

ಇಂಥ ಮಾತು ಎದ್ದಾಗಲೆಲ್ಲ ಅತ್ತಿಗೆ ಮೆಲ್ಲಗೆ ಎದ್ದು ಒಳಗೆ ಹೋಗುತ್ತಿದ್ದಳು. ಒಮ್ಮೆ ಮಾತ್ರ ಬಟ್ಟೆ ಒಣಹಾಕುತ್ತ ಓರಗಿತ್ತಿಯ ಕಿವಿಯಲ್ಲಿ ಅಂದಿದ್ದಳು: "ಗಂಡಸರದ್ದೂ ಇರುತ್ತೆ ಕಣೇ. ಅವನನ್ನೂ ಒಂದ್ಸಲ ಡಾಕ್ಟರಿಗೆ ತೋರಿಸು."

ಆ ರಾತ್ರಿಯೇ ಹೆಂಡತಿ ಷರತ್ತು ಹಾಕಿದಳು. "ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ. ನಿಮ್ಮದು ಸರಿಯಿದೆ ಅಂತ ಬಂದ್ರೆ ನಾನೇ ಹೊರಟುಹೋಗ್ತೀನಿ. ಅತ್ತೆ ಯಾರನ್ನ ಬೇಕಾದ್ರೂ ತರಲಿ." ಬ್ಯಾಗನ್ನೂ ತುಂಬಿಟ್ಟಳು.

ತಮ್ಮನಿಗೆ ಹೆಂಡತಿ ಬೇಕಿತ್ತು. ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕಿತ್ತು.

ಮಧ್ಯಾಹ್ನ ಡಾಕ್ಟರ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. "ವೀರ್ಯಾಣು ಇಲ್ಲ," ಎಂದರು.

"ಕಡಿಮೆ ಇದೆ ಅಂತಲಾ?"

"ಕಡಿಮೆ ಅಲ್ಲ. ಒಂದೂ ಇಲ್ಲ. ವೀರ್ಯದಲ್ಲಿ ಇರಬೇಕಾದ ಸಕ್ಕರೆ ಅಂಶವೂ ಇಲ್ಲ. ವೀರ್ಯಾಣು ಹೊರಗೆ ಬರುವ ನಾಳವೇ ಹುಟ್ಟಿನಿಂದ ಬೆಳೆದಿಲ್ಲ ಅನ್ನಿಸುತ್ತೆ. ಇದಕ್ಕೂ ಗಂಡಸುತನಕ್ಕೂ ಸಂಬಂಧ ಇಲ್ಲ, ತಿಳ್ಕೊಳ್ಳಿ. ಉಳಿದದ್ದೆಲ್ಲ ಮಾಮೂಲಾಗೇ ಇರುತ್ತೆ. ಪರೀಕ್ಷೆ ಮಾಡಿಸದಿದ್ರೆ ಜೀವಮಾನವಿಡೀ ಗೊತ್ತೇ ಆಗಲ್ಲ."

ತಮ್ಮ ಕುರ್ಚಿಯ ಅಂಚಿಗೆ ಸರಿದ. "ಒಲೆಯ ಬಿಸಿಗೆ ಹೀಗಾಗಿರಬಹುದಾ ಡಾಕ್ಟ್ರೇ? ಈಚೆಗೆ?"

"ಬಿಸಿಗೆ ಸಂಖ್ಯೆ ಇಳಿಯಬಹುದು, ನಾಳ ಕರಗಿಹೋಗಲ್ಲ. ಇದು ಈಚಿನದಲ್ಲ. ನನ್ನ ಊಹೆ ಸರಿಯಾಗಿದ್ರೆ ಚಿಕಿತ್ಸೆ ಇಲ್ಲದೆ ಮಗು ಆಗೋ ಮಾತೇ ಇಲ್ಲ. ಆದ್ರೆ ದಾರಿ ಇದೆ. ಒಳಗೆ ವೀರ್ಯಾಣು ತಯಾರಾಗ್ತಿರುತ್ತೆ, ಸೂಜಿಯಿಂದ ತೆಗೀಬಹುದು. ಆ ಮಂಚದ ಮೇಲೆ ಮಲಗಿ, ಮುಟ್ಟಿ ನೋಡ್ತೀನಿ."

"ಇವತ್ತು ಬೇಡ."

ಗಂಡಸರ ನಾಚಿಕೆ ಡಾಕ್ಟರಿಗೆ ಹೊಸದಲ್ಲ. ಒತ್ತಾಯಿಸಲಿಲ್ಲ. "ಒಡಹುಟ್ಟಿದವರಲ್ಲೂ ಇದು ಇರಬಹುದು. ಅಣ್ಣತಮ್ಮಂದಿರು ಇದ್ದಾರಾ?"

"ಒಬ್ಬ ಅಣ್ಣ."

"ಮಕ್ಕಳು?"

"ಮೂರು."

"ಹಾಗಾದ್ರೆ ಅವರು ಬಚಾವ್ ಬಿಡಿ," ಡಾಕ್ಟರ್ ನಕ್ಕರು.

ಹೊರಗೆ ಬಂದ ಮೇಲೆ ಹೆಂಡತಿ ಅವನ ಕೈ ಹಿಡಿದುಕೊಂಡಳು. ಬೀದಿಯಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು. "ಬ್ಯಾಗು ಬಿಚ್ಚಿಡ್ತೀನಿ. ಅತ್ತೆಗೆ ನನ್ನಲ್ಲೇ ಕೊರತೆ ಅಂತ ಹೇಳೋಣ. ಕೇಳಿ ಕೇಳಿ ನಂಗೆ ಅಭ್ಯಾಸ ಆಗಿದೆ, ನಿಮಗೆ ತಡಿಯಕ್ಕಾಗಲ್ಲ. ಮುಂದಿನ ವಾರ ಚಿಕಿತ್ಸೆಗೆ ಇಬ್ಬರೂ ಬರೋಣ ರೀ."

ಅವನು ಅವಳ ಮುಖ ನೋಡಲಿಲ್ಲ. ಅವಳನ್ನು ಮನೆಯ ತಿರುವಿನಲ್ಲಿ ಬಿಟ್ಟು ಬೇಕರಿಗೆ ಹೋದ.

ಅಣ್ಣ ಒಲೆಯ ಮುಂದೆ ಟ್ರೇ ಎಳೆಯುತ್ತಿದ್ದ. ಕಿರಿಮಗ ಅಪ್ಪನ ಹೆಗಲೇರಿ ಕಿವಿ ಹಿಂಡುತ್ತಿದ್ದ.

"ಏನೋ, ಪಾಸಾಯ್ತಾ?" ಅಣ್ಣ ಕಣ್ಣು ಮಿಟುಕಿಸಿದ.

ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದ ಅತ್ತಿಗೆಯ ಕೈ ನಿಂತಿತು.

"ಪಾಸು," ಎಂದ ತಮ್ಮ.

ಬೆಳಿಗ್ಗೆ ಹಿಟ್ಟಿನ ಕೋಣೆಯ ಕದ ಹಾಕಿಕೊಂಡು ಡಬ್ಬಿ ತುಂಬಿಸಿದವನು ಅಣ್ಣ.