ಗಂಧದ ತುಂಡಿಗಂಟಿದ ಫೋಟೋ

೧೯೬೪ರ ಆ ಬೆಳಿಗ್ಗೆ ಸಾಗರದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಉಳಿ ಎತ್ತಿದ ಗುಡಿಗಾರ ಶೇಷಪ್ಪ ಹಾಗೇ ನಿಂತುಬಿಟ್ಟ. ಹಳೆಯ ಗೂಡ್ಸ್ ವ್ಯಾಗನ್ನಿನ ಮಾದರಿ ಕೆತ್ತಲು, ಅದರ ಬಾಗಿಲು, ಚಕ್ರ ನೋಡಿಕೊಳ್ಳಲೆಂದು ನೆರೆಮನೆಯ ವರದಮ್ಮನಿಂದ ತಂದಿದ್ದ ಫೋಟೋವನ್ನು ಅವನ ತಮ್ಮ ಕೆತ್ತಬೇಕಿದ್ದ ಗಂಧದ ತುಂಡಿಗೇ ಅಂಟಿಸಿಬಿಟ್ಟಿದ್ದ. ವ್ಯಾಗನ್ನಿನ ಪಕ್ಕ ನಿಂತಿದ್ದವನು ವರದಮ್ಮನ ತೀರಿಹೋದ ಗಂಡ. ಅವಳಲ್ಲಿದ್ದದ್ದು ಅದೊಂದೇ ಚಿತ್ರ.

"ನಕ್ಷೆ ಅಂಟಿಸಿ ಅದ್ರ ಮೇಲೇ ಅಲ್ವೇನಣ್ಣ ನಾವು ಉಳಿ ಹೊಡಿಯೋದು?" ತಮ್ಮ ತೊದಲಿದ.

ಶೇಷಪ್ಪ ಒದ್ದೆ ಬಟ್ಟೆಯಿಂದ ಅಂಚನ್ನು ಎಬ್ಬಿಸಿದ. ಕಾಗದ ಮುಖದ ಕಡೆಗೇ ಹರಿಯತೊಡಗಿತು. ಥಟ್ಟನೆ ಕೈ ತೆಗೆದ. ಅಷ್ಟರಲ್ಲಿ ಬಾಗಿಲಲ್ಲಿ ವರದಮ್ಮನ ದನಿ: "ನಮ್ಮನೆಯವ್ರನ್ನ ಎಷ್ಟು ದಿನ ನಿಲ್ಲಿಸ್ಕೊಂಡಿರ್ತೀಯ ಶೇಷಪ್ಪ? ಕೊಡು ಮಾರಾಯ."

ಮನೆಯಲ್ಲಿದ್ದ ಗಂಧ ಅದೊಂದೇ ತುಂಡು. ಶೇಷಪ್ಪ ಗಣಪತಿಯನ್ನು ನೆನೆದು, "ಕಿತ್ರೆ ಹರಿಯುತ್ತೆ ವರದಕ್ಕ, ಹೀಗೇ ಇಟ್ಕೊಳ್ಳಿ" ಎಂದು ಆ ತುಂಡನ್ನೇ ಅವಳ ಕೈಗಿತ್ತ.