ಜಿರಲೆ ಮದ್ದು

ಕೊಳ್ಳೇಗಾಲದಿಂದ ತರಿಸಿದ ಮದ್ದು ಹೊಡೆದು, ಅಂಗಾತ ಬಿದ್ದು ಒದ್ದಾಡುವ ಜಿರಲೆಗಳನ್ನು ದಾಕ್ಷಾಯಿಣಿ ಕಣ್ತುಂಬ ನೋಡಿದಳು. ಬೆಳಿಗ್ಗೆ ಆಶಾ ಕಾರ್ಯಕರ್ತೆ ರಾಗಿಹಿಟ್ಟಿನ ಡಬ್ಬಿಯಲ್ಲಿ ಜಿರಲೆ ಕಂಡು, "ಇದ್ರಲ್ಲಿ ಮುದ್ದೆ ಮಾಡುದ್ರೆ ವಾಂತಿಬೇದಿ ಬತ್ತದೆ. ಪಕ್ಕದ್ಮನೆ ಶಿವರಂಜನಿ ಮದ್ದು ಒಡ್ದು ಇಟ್ಕೊಂಡಿರೋ ಅಡ್ಗೆಮನೆ ನೋಡಿ ಕಲೀರಿ" ಎಂದಿದ್ದಳು. ಆಗಿನಿಂದ ದಾಕ್ಷಾಯಿಣಿಗೆ ಹೊಟ್ಟೆಯುರಿ.

ಅದೇ ಉರಿಯಲ್ಲಿ ಕೈ ತೊಳೆಯುವುದನ್ನೂ ಮರೆತು ರೇಷ್ಮೆಹುಳಕ್ಕೆ ಸೊಪ್ಪು ಹಾಕಿದಳು. ತುಸು ಹೊತ್ತಿಗೇ ಹುಳಗಳೆಲ್ಲ ತಲೆಯೆತ್ತಿ ಹಸಿರು ಕಕ್ಕತೊಡಗಿದವು.

ಅವಳ ಕೂಗಿಗೆ ಶಿವರಂಜನಿ ಓಡಿಬಂದಳು.

"ನಿನ್ನಂಗೇ ಮದ್ದು ಒಡ್ದೆ ಕಣೇ!" ಎಂದಳು ದಾಕ್ಷಾಯಿಣಿ.

"ಅಯ್ಯೋ ಅಕ್ಕ, ನಾನು ಒಡ್ದಿದ್ದು ಉಳ ಸಾಕೋದು ಬುಟ್ಮೇಲಲ್ವಾ? ನಿಮ್ಮುಳ ಸೊಪ್ಪು ಮೇಯೋ ಸದ್ದು ಕೇಳ್ದಾಗೆಲ್ಲ ನಂಗೇ ಒಟ್ಟೆ ಉರೀತಿತ್ತು."

ಇಬ್ಬರೂ ಕಿವಿಗೊಟ್ಟರು. ಹುಳದ ತಟ್ಟೆಗಳಲ್ಲಿ ಸದ್ದೇ ಇರಲಿಲ್ಲ.